ಒಂದು ಸಹಿಗಾಗಿ ನಿಂತ ಪಾಠ



ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ಕಚೇರಿ, ಬ್ಯಾಂಕು, ಆಸ್ಪತ್ರೆ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಣೆಯ ಸ್ಥಾನಗಳಲ್ಲಿದ್ದೀರಿ. ಊರಿಗೆ ಬಂದಾಗ ಮನೆಗೆ ಬಂದು ಹೋಗುವವರು ಹೇಳುವ ಸಮಾಚಾರಗಳಲ್ಲಿ ಒಂದು ದೂರು ಸಾಮಾನ್ಯವಾಗಿರುತ್ತದೆ. ಬೆಳಗಿನಿಂದ ಸಂಜೆಯವರೆಗೆ ಇ-ಮೇಲು, ಸಂದೇಶ, ಮೀಟಿಂಗು. ನಿಜವಾದ ಕೆಲಸಕ್ಕೆ ಕುಳಿತುಕೊಳ್ಳುವುದು ರಾತ್ರಿ ಊಟವಾದ ಮೇಲೆ. "ನಿಮ್ಮ ಕಾಲದಲ್ಲಿ ಈ ಕಾಟವೆಲ್ಲ ಇರಲಿಲ್ಲ ಬಿಡಿ ಸಾರ್" ಎಂದು ಕೊನೆಗೆ ಒಂದು ಮಾತು ಸೇರಿಸುತ್ತಾರೆ. ನಮ್ಮ ಕಾಲದಲ್ಲಿ ಈ ಯಂತ್ರಗಳು ಇರಲಿಲ್ಲವೆಂಬುದು ನಿಜ. ಕಾಟ ಇರಲಿಲ್ಲವೆಂಬುದನ್ನು ಮಾತ್ರ ನಾನು ಒಪ್ಪಲಾರೆ. ಅದಕ್ಕೆ ಆಗ ನೋಟೀಸು ಪುಸ್ತಕವೆಂದು ಹೆಸರಿತ್ತು.

ಉದ್ದನೆಯ, ಕೆಂಪು ಕ್ಯಾಲಿಕೋ ಬೆನ್ನಿನ ಆ ಪುಸ್ತಕವನ್ನು ನಿಮ್ಮಲ್ಲಿ ಹಲವರು ಮರೆತಿರಲಾರಿರಿ. ಮುಖ್ಯೋಪಾಧ್ಯಾಯರು ಅದರಲ್ಲಿ ಸೂಚನೆಯೊಂದನ್ನು ಬರೆದು ಜವಾನರ ಕೈಗೆ ಕೊಟ್ಟರೆಂದರೆ ಅದು ತರಗತಿಯಿಂದ ತರಗತಿಗೆ ಸಂಚಾರ ಹೊರಡುತ್ತಿತ್ತು. ಪ್ರತಿಯೊಬ್ಬ ಶಿಕ್ಷಕರೂ ಓದಿ ತಮ್ಮ ಹೆಸರಿನ ಮುಂದೆ ಸಹಿ ಹಾಕಬೇಕು. ಪಿರಿಯಡ್ಡಿನ ಅವಧಿ 45 ನಿಮಿಷ. ಹಾಜರಿ, ಹಿಂದಿನ ಪಾಠದ ಪುನರಾವರ್ತನೆ, ಹೋಂವರ್ಕಿನ ಲೆಕ್ಕ ಇವೆಲ್ಲ ಕಳೆದು ನಮ್ಮ ಕೈಗೆ ಸಿಗುತ್ತಿದ್ದುದು ಹೆಚ್ಚೆಂದರೆ ಮೂವತ್ತೈದು ನಿಮಿಷ. ಕಪ್ಪುಹಲಗೆಯ ಮೇಲೆ ಕಂದಪದ್ಯವೊಂದನ್ನು ಬರೆದು ಪ್ರಸ್ತಾರ ಹಾಕಲು ತೊಡಗಿರುತ್ತಿದ್ದೆ. ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯ ಸಾಲಿನಲ್ಲಿ ಐದು ಗಣ. ಲಘು, ಗುರು ಎಂದು ಮಕ್ಕಳು ಒಕ್ಕೊರಲಿನಿಂದ ಹೇಳುತ್ತಾ ಬರುತ್ತಿರುತ್ತಾರೆ. ಪದ್ಯಾರ್ಧದ ಆರನೆಯ ಗಣ ಜಗಣವಾಗಿರಬೇಕು, ಇಲ್ಲವೇ ಸರ್ವಲಘುವಾಗಿರಬೇಕು. ಆ ನಿಯಮ ಈ ಪದ್ಯದಲ್ಲಿ ಹೇಗೆ ಕೂಡಿಬಂದಿದೆ ಎಂಬುದನ್ನು ಮಕ್ಕಳೇ ಕಂಡುಹಿಡಿಯಬೇಕೆಂದು ನಾನು ಸೀಮೆಸುಣ್ಣ ಹಿಡಿದು ಸುಮ್ಮನೆ ನಿಂತಿರುತ್ತೇನೆ. ಹಿಂದಿನ ಬೆಂಚಿನಲ್ಲಿ ಒಂದು ಕೈ ಅನುಮಾನಿಸುತ್ತಾ ಮೇಲೇಳುತ್ತದೆ. ಅಷ್ಟರಲ್ಲಿ ಬಾಗಿಲಲ್ಲಿ ಕೆಮ್ಮಿದ ಸದ್ದು. "ಸಾರ್, ಒಂದು ಸಹಿ."

ಸೂಚನೆ ಏನು? ವಿಜ್ಞಾನ ವಸ್ತುಪ್ರದರ್ಶನಕ್ಕೆ ಸಂಬಂಧಿಸಿದಂತೆ ವಿಜ್ಞಾನ ಶಿಕ್ಷಕರು ಶನಿವಾರ ಮಧ್ಯಾಹ್ನ ಸೇರತಕ್ಕದ್ದು. ಕನ್ನಡ ಮೇಷ್ಟರಾದ ನನಗೆ ಅದರಿಂದ ಆಗಬೇಕಾದುದು ಏನೂ ಇಲ್ಲ. ಆದರೂ ಓದಬೇಕು, ಸಹಿ ಹಾಕಬೇಕು. ಪುಸ್ತಕ ಹಿಂದಿರುಗಿಸಿ ತಿರುಗಿ ನೋಡಿದರೆ ಮೇಲೆದ್ದಿದ್ದ ಆ ಕೈ ಕೆಳಗಿಳಿದಿರುತ್ತಿತ್ತು. ಸಹಿಗೆ ಹಿಡಿದದ್ದು ಒಂದು ನಿಮಿಷವಿರಬಹುದು. ಮಕ್ಕಳ ಗಮನವನ್ನು ಮತ್ತೆ ಹಿಡಿದು ತರಲು ನಾಲ್ಕು ನಿಮಿಷ ಬೇಕು. ಆ ಕೈ ಆ ದಿನ ಮತ್ತೊಮ್ಮೆ ಏಳುತ್ತಿರಲಿಲ್ಲವೆಂಬುದನ್ನು ಯಾವ ಲೆಕ್ಕದಲ್ಲಿ ಸೇರಿಸುವುದೋ ನಾನರಿಯೆ.

ಲೆಕ್ಕದ ಮಾತು ಬಂದುದರಿಂದ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ 6ರಿಂದ 8ನೆಯ ತರಗತಿಗಳಿಗೆ ವರ್ಷಕ್ಕೆ 220 ಕೆಲಸದ ದಿನಗಳು, 1000 ಬೋಧನಾ ಗಂಟೆಗಳು ಇರಬೇಕೆಂದು ಹೇಳಿದೆ. ನಮ್ಮ ಪ್ರೌಢಶಾಲೆಯ ಎಂಟನೆಯ ತರಗತಿಯೂ ಇದರೊಳಗೆ ಬರುತ್ತದೆ. ಒಂದು ತರಗತಿಗೆ ದಿನಕ್ಕೆ ಒಂದು ಬಾರಿ, ಐದೇ ನಿಮಿಷ ಇಂತಹ ಅಡ್ಡಿ ಬಂದಿತೆಂದು ಇಟ್ಟುಕೊಳ್ಳಿ. ವರ್ಷಕ್ಕೆ 1100 ನಿಮಿಷ. 45 ನಿಮಿಷದ ಪಿರಿಯಡ್ಡಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕಕ್ಕೂ ಹೆಚ್ಚು ಪಿರಿಯಡ್ಡುಗಳು. ವಾರಕ್ಕೆ ಆರು ಪಿರಿಯಡ್ಡು ಇರುವ ವಿಷಯವೊಂದರ ನಾಲ್ಕು ವಾರದ ಪಾಠ. ಅದೇ ಕಾಯ್ದೆಯ 27ನೆಯ ಪ್ರಕರಣವು ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಶಿಕ್ಷಣೇತರ ಕೆಲಸಗಳಿಗೆ ಶಿಕ್ಷಕರನ್ನು ನಿಯೋಜಿಸಬಾರದೆಂದು ವಿಧಿಸುತ್ತದೆ. ಶಿಕ್ಷಕನನ್ನು ತರಗತಿಯಿಂದ ಹೊರಕ್ಕೆ ಕರೆದೊಯ್ಯುವುದನ್ನು ಶಾಸನ ತಡೆಯಬಲ್ಲದು. ತರಗತಿಯೊಳಗೆ ನಿಂತಿರುವ ಶಿಕ್ಷಕನ ಕೈಗೆ ಕಾಗದ ಕೊಡುವುದನ್ನು ಯಾವ ಶಾಸನ ತಡೆದೀತು?

ಅದನ್ನು ತಡೆದವರು ನಮ್ಮ ಶಾಲೆಗೆ ವರ್ಗವಾಗಿ ಬಂದ ಒಬ್ಬ ಮುಖ್ಯೋಪಾಧ್ಯಾಯರು. ಮಿತಭಾಷಿಗಳು, ಬಂದ ಎರಡನೆಯ ವಾರದಲ್ಲಿ ನೋಟೀಸು ಪುಸ್ತಕವನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಡಿಸಿದರು. ಪ್ರಾರ್ಥನೆಯ ಗಂಟೆಗೆ ಮೊದಲು, ಮತ್ತೆ ಊಟದ ಬಿಡುವಿನಲ್ಲಿ, ದಿನಕ್ಕೆ ಎರಡು ಸಲ ನಾವೇ ಹೋಗಿ ನೋಡಿಕೊಳ್ಳಬೇಕು. ಪ್ರತಿ ಸೂಚನೆಯ ಎಡ ಅಂಚಿನಲ್ಲಿ ಅದು ಯಾರಿಗೆ ಸಂಬಂಧಿಸಿದ್ದೆಂದು ಕೆಂಪು ಶಾಯಿಯಲ್ಲಿ ಬರೆದಿರುತ್ತಿದ್ದರು. ಯಾವುದೇ ಮಗುವಿನ ಮನೆಯಿಂದ ಕೆಟ್ಟ ಸುದ್ದಿ ಬಂದಾಗ ಮಾತ್ರ ತರಗತಿಯ ಬಾಗಿಲನ್ನು ತಟ್ಟಬಹುದು. ಅದಕ್ಕೂ ಜವಾನರನ್ನು ಕಳುಹಿಸದೆ ತಾವೇ ಬರುತ್ತಿದ್ದರು. ಇದರಿಂದ ಎಲ್ಲರಿಗಿಂತ ಹೆಚ್ಚು ಸಂತೋಷಪಟ್ಟವರು ನಮ್ಮ ಜವಾನರು. ಮಂಡಿನೋವಿನ ಮನುಷ್ಯ, ಮಹಡಿಯ ಮೆಟ್ಟಿಲುಗಳನ್ನು ದಿನಕ್ಕೆ ಎಂಟು ಹತ್ತು ಸಲ ಹತ್ತಿಳಿಯುತ್ತಿದ್ದವರು. ಅವರ ಸಮಯಕ್ಕೂ ಬೆಲೆಯಿದೆಯೆಂದು ಅಲ್ಲಿಯವರೆಗೆ ಯಾರಿಗೂ ತೋಚಿರಲಿಲ್ಲ. ಮುಖ್ಯೋಪಾಧ್ಯಾಯರಿಗಾದರೋ ಕೆಲಸ ಹೆಚ್ಚಾಯಿತು. ಅಂಚಿನಲ್ಲಿ ಹೆಸರು ಬರೆಯಬೇಕಾದರೆ ಯಾರಿಗೆ ಸಂಬಂಧಿಸಿದ್ದೆಂದು ಮೊದಲು ಯೋಚಿಸಬೇಕಷ್ಟೆ. ಹೇಳುವವನು ಐದು ನಿಮಿಷ ಹೆಚ್ಚು ದುಡಿದರೆ ಕೇಳುವ ಇಪ್ಪತ್ತು ಜನರ ಐದೈದು ನಿಮಿಷ ಉಳಿಯುತ್ತದೆ. ಅವನು ದುಡಿಯದಿದ್ದರೆ ಆ ದುಡಿಮೆಯನ್ನು ಇಪ್ಪತ್ತು ಜನರೂ ಬೇರೆಬೇರೆಯಾಗಿ ಮಾಡಬೇಕಾಗುತ್ತದೆ. ಈ ವಿಷಯದಲ್ಲಿ ನಾನು ಕಲಿತದ್ದು ಬಹುಮಟ್ಟಿಗೆ ಇಷ್ಟೇ.

ಹಿಂದೆ ಈ ದುಡಿಮೆಯನ್ನು ಹೇಳುವವನಿಂದ ಬಲವಂತವಾಗಿ ಮಾಡಿಸುವ ಕೆಲವು ಸಾಧನಗಳಿದ್ದವು. ತಂತಿ ಕಳುಹಿಸಬೇಕಾದರೆ ಪದವೊಂದಕ್ಕೆ ಇಷ್ಟೆಂದು ಹಣ. ಅಂಚೆ ಕಚೇರಿಯ ಕಟ್ಟೆಯ ಮೇಲೆ ನಿಂತು ಫಾರಂ ತುಂಬುವಾಗ ಎಂತಹ ವಾಚಾಳಿಯೂ ಪದಗಳನ್ನು ಹೊಡೆದುಹಾಕುತ್ತಿದ್ದ. 2013ರ ಜುಲೈನಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಾಗ ಒಂದು ಒಳ್ಳೆಯ ವ್ಯಾಕರಣ ಶಾಲೆ ಮುಚ್ಚಿದಂತೆ ನನಗೆ ಅನ್ನಿಸಿತ್ತು. ಬೆರಳಚ್ಚು ಯಂತ್ರದಲ್ಲಿ ಕಾರ್ಬನ್ ಕಾಗದವಿಟ್ಟು ಪ್ರತಿ ತೆಗೆಯುವಾಗ ನಾಲ್ಕೈದನೆಯ ಪ್ರತಿಗೆ ಅಕ್ಷರ ಮಸುಕಾಗುತ್ತಿತ್ತು. ಇಂದು ಇ-ಮೇಲಿನಲ್ಲಿ ನೀವು ದಿನವೂ ಬಳಸುವ 'ಸಿಸಿ' ಎಂಬುದು ಆ ಕಾರ್ಬನ್ ಕಾಪಿಯ ನೆನಪೇ ಎಂದು ಕಿರಿಯರಿಗೆ ಗೊತ್ತಿರಲಿಕ್ಕಿಲ್ಲ. ಹೆಚ್ಚು ಪ್ರತಿ ಬೇಕಾದರೆ ಸ್ಟೆನ್ಸಿಲ್ ಕೊರೆದು, ಕೈಗೆಲ್ಲ ಮಸಿ ಮೆತ್ತಿಕೊಂಡು ಸೈಕ್ಲೋಸ್ಟೈಲ್ ಯಂತ್ರ ತಿರುಗಿಸಬೇಕು. ಇಷ್ಟು ಕಷ್ಟ ಪಡುವ ಮೊದಲು ಗುಮಾಸ್ತರೂ ಒಮ್ಮೆ ಕೇಳುತ್ತಿದ್ದರು: "ಇದು ಎಲ್ಲರಿಗೂ ಹೋಗಲೇಬೇಕೇ ಸಾರ್?"

ಆ ಪ್ರಶ್ನೆ ಕೇಳುವವರು ಈಗಿಲ್ಲ. ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ ಸುತ್ತೋಲೆಗಳು ವಾಟ್ಸ್ಯಾಪ್ ಗುಂಪಿನಲ್ಲಿ ಬರತೊಡಗಿದ್ದವು. ರಾತ್ರಿ ಒಂಬತ್ತೂವರೆಗೆ, ಅಡ್ಡಲಾಗಿ ತೆಗೆದ ಒಂದು ಫೋಟೋ. ಮೂರು ಪುಟದ ಸುತ್ತೋಲೆಯ ಎರಡನೆಯ ಪುಟ ಮಾತ್ರ ಅದರಲ್ಲಿ ಕಾಣಿಸುತ್ತದೆ. ಕೆಳಗೆ 'ಅತಿ ಜರೂರು, ನಾಳೆ 10 ಗಂಟೆಯೊಳಗೆ ಮಾಹಿತಿ ಸಲ್ಲಿಸುವುದು' ಎಂಬ ಒಕ್ಕಣೆ. ಅದರ ಕೆಳಗೆ ಅರುವತ್ತು ಜನರ 'ಓಕೆ ಸಾರ್'. ಅವುಗಳ ನಡುವೆ ಯಾರೋ ಒಬ್ಬರು ಕೇಳಿದ ನಿಜವಾದ ಸಂದೇಹ ಮುಳುಗಿಹೋಗಿರುತ್ತದೆ. ಕೇಳಿರುವ ಮಾಹಿತಿಯಾದರೂ ಹೊಸದೇ? ಮಕ್ಕಳ ಸಂಖ್ಯೆ, ಕೊಠಡಿಗಳ ಸಂಖ್ಯೆ, ಶೌಚಾಲಯಗಳ ಸಂಖ್ಯೆ. ಯುಡೈಸ್, ಎಸ್.ಎ.ಟಿ.ಎಸ್. ಎಂಬ ಗಣಕ ವ್ಯವಸ್ಥೆಗಳಿಗೆ ನಾವೇ ತುಂಬಿಕೊಟ್ಟಿರುವ ಅಂಕಿಗಳನ್ನು ಮತ್ತೊಂದು ಮೇಜಿನವರು ಮತ್ತೊಂದು ನಮೂನೆಯಲ್ಲಿ ಕೇಳುತ್ತಾರೆ. ಅಲ್ಲಿ ಹುಡುಕಿ ತೆಗೆಯುವುದಕ್ಕೆ ಅವರಿಗೆ ಅರ್ಧ ಗಂಟೆ ಬೇಕು, ಗುಂಪಿನಲ್ಲಿ ಕೇಳುವುದಕ್ಕೆ ಅರ್ಧ ನಿಮಿಷ ಸಾಕು. ಅರುವತ್ತು ಶಾಲೆಗಳವರು ಅರ್ಧರ್ಧ ಗಂಟೆ ಕುಳಿತರೆ ಮೂವತ್ತು ಗಂಟೆಯಾಯಿತು ಎಂಬ ಗುಣಾಕಾರವನ್ನು ಯಾರೂ ಮಾಡುವುದಿಲ್ಲ. ಎಲ್ಲವೂ 'ಅತಿ ಜರೂರು' ಆದಮೇಲೆ ನಿಜವಾಗಿ ಜರೂರಾದುದಕ್ಕೆ ಉಳಿಯುವ ಪದವಾದರೂ ಯಾವುದು?

ಹತ್ತನೆಯ ತರಗತಿಗೆ ನಾನು ವರ್ಷವರ್ಷವೂ ವ್ಯಾವಹಾರಿಕ ಪತ್ರಲೇಖನ ಕಲಿಸುತ್ತಿದ್ದುದು ನೆನಪಿದೆಯಲ್ಲವೇ? ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಉಲ್ಲೇಖ. ನೀವೆಲ್ಲ ಅದನ್ನು ಅಂಕಕ್ಕಾಗಿ ಬಾಯಿಪಾಠ ಮಾಡಿದಿರಿ, ತಪ್ಪೇನಿಲ್ಲ. ಆದರೆ 'ವಿಷಯ' ಎಂಬ ಆ ಒಂದು ಸಾಲನ್ನು ಮೊದಲು ಕಲ್ಪಿಸಿದವನು ಪರರ ಸಮಯವನ್ನು ಗೌರವಿಸಿದ ಮನುಷ್ಯನೆಂದು ನಾನು ಪ್ರತಿ ವರ್ಷ ಹೇಳುತ್ತಿದ್ದೆ. ಆ ಸಾಲನ್ನು ನೋಡಿದ ಕೂಡಲೇ ಇದು ತನ್ನ ಮೇಜಿನದೋ ಪಕ್ಕದ ಮೇಜಿನದೋ ಎಂದು ಟಪಾಲು ತೆರೆಯುವವರಿಗೆ ತಿಳಿಯಬೇಕು. 'ಉಲ್ಲೇಖ'ವಿದ್ದರೆ ಹಳೆಯ ಕಡತವನ್ನು ಹುಡುಕುವ ಶ್ರಮ ತಪ್ಪುತ್ತದೆ. ಇಂದು ನಿಮಗೆ ಬರುವ ಮೇಲುಗಳಲ್ಲಿ ಎಷ್ಟಕ್ಕೆ ಸರಿಯಾದ ವಿಷಯದ ಸಾಲು ಇರುತ್ತದೆಯೆಂದು ನೀವೇ ನೋಡಿಕೊಳ್ಳಿ. 1940ರ ಆಗಸ್ಟಿನಲ್ಲಿ, ಬ್ರಿಟನ್ನಿನ ಮೇಲೆ ಜರ್ಮನಿಯ ವಿಮಾನಗಳು ದಾಳಿಯಿಡುತ್ತಿದ್ದಾಗ, ಪ್ರಧಾನಿ ಚರ್ಚಿಲ್ಲರು ಇಲಾಖೆಗಳಿಗೆ ಒಂದು ಜ್ಞಾಪನ ಕಳುಹಿಸಿದರು. ಅದರ ವಿಷಯ ಯುದ್ಧವಲ್ಲ, ಸಂಕ್ಷಿಪ್ತತೆ. ವರದಿಗಳ ಮುಖ್ಯಾಂಶಗಳು ಸಣ್ಣ ಸಣ್ಣ ಕಂಡಿಕೆಗಳಲ್ಲಿರಲಿ, ವಿವರಗಳು ಅನುಬಂಧಕ್ಕೆ ಹೋಗಲಿ ಎಂದು ಕೇಳಿದ್ದರು. ಯುದ್ಧದ ನಡುವೆಯೂ ಆ ಜ್ಞಾಪನಕ್ಕೆ ಅವರು ಬಿಡುವು ಮಾಡಿಕೊಂಡದ್ದನ್ನು ನಾನು ತರಗತಿಯಲ್ಲಿ ಹೇಳುತ್ತಿದ್ದೆ.

ಆದರೆ ಚಿಕ್ಕದಾಗಿ ಬರೆದರೆ ಸಾಕು, ಸಮಯ ಉಳಿಯಿತು ಎಂದು ತಿಳಿಯಬಾರದು. ಅತಿ ಚಿಕ್ಕ ಪತ್ರಗಳು ಒಂದು ಸಂಸಾರವನ್ನು ಹೇಗೆ ಅಲೆದಾಡಿಸಿದವೆಂಬುದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ತೊಂಬತ್ತರ ದಶಕದಲ್ಲಿ ನಮ್ಮ ಸಹೋದ್ಯೋಗಿಯೊಬ್ಬರು ಸೇವೆಯಲ್ಲಿರುವಾಗಲೇ ತೀರಿಕೊಂಡರು. ಹೆಂಡತಿ, ಪಿ.ಯು.ಸಿ. ಓದುತ್ತಿದ್ದ ಮಗ, ಅವನಿಗಿಂತ ಚಿಕ್ಕವಳೊಬ್ಬಳು ಮಗಳು. ಕುಟುಂಬ ಪಿಂಚಣಿಯ ಕಾಗದಪತ್ರಗಳನ್ನು ಶಾಲೆಯಿಂದ ಸಿದ್ಧಪಡಿಸಿ ಮೇಲಿನ ಕಚೇರಿಗೆ ಕಳುಹಿಸಿದೆವು. ಯಾವ ಕಚೇರಿ, ಯಾವ ಊರು ಎಂಬುದು ಇಲ್ಲಿ ಬೇಡ. ಎರಡೂವರೆ ತಿಂಗಳ ನಂತರ ಎರಡು ಸಾಲಿನ ಪತ್ರದೊಂದಿಗೆ ಕಡತ ಹಿಂದಿರುಗಿತು. ಸೇವಾ ಪುಸ್ತಕದಲ್ಲಿ ಒಂದು ವರ್ಷದ ವೇತನ ಬಡ್ತಿಯ ನಮೂದಿಗೆ ಸಹಿಯಿಲ್ಲ. ಆ ವರ್ಷ ಅವರು ಬೇರೆ ತಾಲ್ಲೂಕಿನ ಶಾಲೆಯಲ್ಲಿದ್ದವರು. ಅಲ್ಲಿಗೆ ಹೋಗಿ ಸಹಿ ಮಾಡಿಸಿ ತಂದು ಮತ್ತೆ ಕಳುಹಿಸಿದೆವು. ಮೂರು ತಿಂಗಳಿಗೆ ಮತ್ತೆ ಎರಡು ಸಾಲು: ಭಾವಚಿತ್ರಕ್ಕೆ ದೃಢೀಕರಣವಿಲ್ಲ. ಅದನ್ನೂ ಮಾಡಿಸಿದೆವು. ಮೂರನೆಯ ಸಲ ಬಂದದ್ದು ಒಂದೂವರೆ ಸಾಲು. ಮರಣ ಪ್ರಮಾಣಪತ್ರದಲ್ಲಿ ಒಂದು ಇನಿಷಿಯಲ್, ಸೇವಾ ಪುಸ್ತಕದಲ್ಲಿ ಎರಡು.

ಪ್ರತಿ ಸಲವೂ ಆ ತಾಯಿ ತಮ್ಮ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಶಾಲೆಗೆ ಬರುತ್ತಿದ್ದರು. ಮಗನ ಫೀಸಿಗೆ ಬಳೆಗಳನ್ನು ಅಡವಿಟ್ಟ ವಿಷಯ ನಮಗೆ ತಿಳಿದದ್ದು ತಡವಾಗಿ. ಮೂರನೆಯ ಪತ್ರವನ್ನು ನಾನು ಓದಿ ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ, ಅಳಲೂ ಇಲ್ಲ. "ಮೇಷ್ಟ್ರೇ, ಮೂರನ್ನೂ ಒಂದೇ ಸಲ ಕೇಳಿದ್ದಿದ್ದರೆ ನಾನು ಒಂದೇ ಸಲ ತರುತ್ತಿದ್ದೆನಲ್ಲ" ಎಂದರು, ಅಷ್ಟೆ. ಮೂರು ಕೊರತೆಗಳೂ ಮೊದಲ ದಿನವೇ ಆ ಕಡತದಲ್ಲಿದ್ದವು. ಒಂದನ್ನು ಕಂಡೊಡನೆ ಓದುವುದನ್ನು ನಿಲ್ಲಿಸಿ ಪತ್ರ ಬರೆದವರಿಗೆ ಉಳಿದದ್ದು ಅರ್ಧ ಗಂಟೆ. ಆ ಕುಟುಂಬ ಕಳೆದುಕೊಂಡದ್ದು ಆರು ತಿಂಗಳಿಗೂ ಹೆಚ್ಚು. ಲಂಚದ ಆಸೆ ಅಲ್ಲಿ ಇತ್ತೆಂದು ನಾನು ಹೇಳುವುದಿಲ್ಲ, ಇರಲಿಲ್ಲವೆಂದೇ ನನ್ನ ನಂಬಿಕೆ. ಪತ್ರದ ಆ ತುದಿಯಲ್ಲಿ ಒಬ್ಬ ಮನುಷ್ಯನಿದ್ದಾನೆ ಎಂಬ ಕಲ್ಪನೆ ಇರಲಿಲ್ಲ.

ಈ ಪ್ರಕರಣದ ನಂತರ ನಮ್ಮ ಶಾಲೆಯ ಗುಮಾಸ್ತರು ಒಂದು ಕೆಲಸ ಮಾಡಿದರು. ಪಿಂಚಣಿಗೆ ಬೇಕಾದ ಕಾಗದಗಳು ಯಾವುವು, ಪ್ರತಿಯೊಂದರಲ್ಲಿ ಏನೇನನ್ನು ನೋಡಿಕೊಳ್ಳಬೇಕು, ಯಾವುದಕ್ಕೆ ಯಾರ ಸಹಿ ಎಂದು ಒಂದು ಹಾಳೆಯಲ್ಲಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿದರು. ನಿವೃತ್ತಿಗೆ ಎರಡು ವರ್ಷವಿರುವಾಗಲೇ ಅದನ್ನು ಸಂಬಂಧಪಟ್ಟವರ ಕೈಗೆ ಕೊಡುತ್ತಿದ್ದರು. ಅವರಿಗೆ ಅದನ್ನು ಸಿದ್ಧಪಡಿಸಲು ಎರಡು ಭಾನುವಾರ ಹಿಡಿಯಿತು. ಅಕ್ಕಪಕ್ಕದ ಶಾಲೆಗಳವರೂ ಬಂದು ಪ್ರತಿ ಕೇಳಿ ಪಡೆದರು. ಇಂತಹವರಿಗೆ ಯಾವ ಪ್ರಶಸ್ತಿಯೂ ಬರುವುದಿಲ್ಲ.

ಕಾಯುವುದರಲ್ಲಿಯೂ ಒಂದು ಶ್ರೇಣಿಯಿದೆ. ನೀರಿನಂತೆ ಅದು ಯಾವಾಗಲೂ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಹತ್ತೂವರೆಗೆ ಸಭೆಯೆಂದು ತಾಲ್ಲೂಕಿನ ನಲವತ್ತು ಮುಖ್ಯೋಪಾಧ್ಯಾಯರನ್ನು ಕರೆಸಿ, ಒಂದು ಗಂಟೆಗೆ ಅಧಿಕಾರಿಗಳು ಬಂದ ಸಭೆಗಳನ್ನು ನೋಡಿದ್ದೇನೆ. ನಲವತ್ತು ಜನರ ಎರಡೂವರೆ ಗಂಟೆಯೆಂದರೆ ನೂರು ಗಂಟೆ. ಬಂದವರು ಹೇಳಿದ್ದು ಒಂದು ಪುಟದ ಸುತ್ತೋಲೆಯಲ್ಲಿ ಹಿಡಿಸುವಷ್ಟು. ಹಿರಿಯರು ಕಾದು ಕುಳಿತರೆ ಅವಮಾನ, ಕಿರಿಯರು ಕಾದರೆ ಶಿಸ್ತು ಎಂಬ ಭಾವನೆ ನಮ್ಮಲ್ಲಿ ಬಹಳ ಆಳವಾಗಿ ಬೇರೂರಿದೆ. ಈ ದೃಷ್ಟಿಯಿಂದ 2011ರ ಸಕಾಲ ಕಾಯ್ದೆ ನನಗೆ ಮಹತ್ವದ್ದಾಗಿ ಕಾಣುತ್ತದೆ. ನಿಗದಿತ ದಿನಗಳೊಳಗೆ ಸೇವೆ ಕೊಡದಿದ್ದರೆ ಅರ್ಜಿದಾರನಿಗೆ ದಿನವೊಂದಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರವೆಂದು ಅದು ವಿಧಿಸಿತು. ಇಪ್ಪತ್ತು ರೂಪಾಯಿಗೆ ಇಂದು ಏನು ಬರುತ್ತದೆ ಎಂದು ನಗಬಹುದು. ಕಾಯುವವನ ದಿನಕ್ಕೂ ಒಂದು ಬೆಲೆಯಿದೆ, ಆ ಬೆಲೆಯನ್ನು ಕಾಯಿಸಿದವನು ತೆರಬೇಕು ಎಂದು ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡಿತಲ್ಲ, ಅದು ಸಣ್ಣ ಮಾತಲ್ಲ.

ಹೊರದೇಶಗಳಲ್ಲಿ ಕೆಲಸದ ವೇಳೆ ಮುಗಿದ ಮೇಲೆ ಬರುವ ಸಂದೇಶಗಳಿಗೆ ಉತ್ತರಿಸದಿರುವ ಹಕ್ಕನ್ನೇ ಶಾಸನದಲ್ಲಿ ತಂದಿದ್ದಾರೆ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ. ಆಸ್ಟ್ರೇಲಿಯಾದಲ್ಲಿರುವ ನಮ್ಮ ಹುಡುಗನೊಬ್ಬ ಇದನ್ನು ಹೇಳಿದಾಗ ಒಳ್ಳೆಯದೆನಿಸಿತು. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಸಂದೇಶ ಕಳುಹಿಸುವವನ ಕೈಯನ್ನು ಆ ಶಾಸನ ಹಿಡಿಯುವುದಿಲ್ಲ. ಉತ್ತರಿಸದವನಿಗೆ ರಕ್ಷಣೆ ಕೊಡುತ್ತದೆ, ಅಷ್ಟೆ. ಮಲಗುವ ಮುನ್ನ ಓದಿದ್ದು ಓದಿದ್ದೇ. ಬರೆದಿಟ್ಟು ಬೆಳಿಗ್ಗೆ ತಾನಾಗಿಯೇ ಹೋಗುವಂತೆ ಮಾಡುವ ಅನುಕೂಲ ಈಗ ಇ-ಮೇಲಿನಲ್ಲಿ ಇದೆಯೆಂದು ಅವನೇ ನನಗೆ ತೋರಿಸಿಕೊಟ್ಟ. ಅದನ್ನು ಬಳಸುವ ಮೇಲಧಿಕಾರಿಗಳು ಎಷ್ಟು ಜನವೋ!

ಇನ್ನೊಬ್ಬಳು ವಿದ್ಯಾರ್ಥಿನಿ ಬೆಂಗಳೂರಿನ ಕಂಪನಿಯೊಂದರಲ್ಲಿ ಹಿರಿಯ ಹುದ್ದೆಯಲ್ಲಿದ್ದಾಳೆ. ಅವಳಿಗೆ ಅತ್ಯಂತ ಬೇಸರ ತರಿಸುವುದು ದೀರ್ಘ ಸಂದೇಶವಲ್ಲವಂತೆ, ಬರಿಯ 'ಹಾಯ್' ಎಂಬ ಸಂದೇಶವಂತೆ. ಹಾಯ್ ಎಂದವರು ಇವಳು ಉತ್ತರಿಸುವವರೆಗೆ ಮುಂದೆ ಏನನ್ನೂ ಹೇಳುವುದಿಲ್ಲ. ಇವಳು ಕೈಯ ಕೆಲಸ ಬಿಟ್ಟು 'ಹೇಳಿ' ಎನ್ನಬೇಕು, ಆಮೇಲೆ ಕಾಯಬೇಕು. ಬಾಗಿಲಲ್ಲಿ ಕೆಮ್ಮಿ ನಿಲ್ಲುವುದಕ್ಕೂ ಇದಕ್ಕೂ ವ್ಯತ್ಯಾಸವೇನೂ ನನಗೆ ಕಾಣಲಿಲ್ಲ. ನಮಸ್ಕಾರ ಹೇಳಿದ ಉಸಿರಿನಲ್ಲೇ ಬಂದ ಕಾರಣವನ್ನೂ ಹೇಳಿಬಿಟ್ಟರೆ ಕೇಳಿಸಿಕೊಳ್ಳುವವರು ತಮ್ಮ ಬಿಡುವು ನೋಡಿ ಉತ್ತರಿಸಬಹುದು. ಅಂತೆಯೇ, ಉತ್ತರಿಸಬೇಕಾದವರು ಸುಮ್ಮನಿರುವುದೂ ಪರರ ವೇಳೆಯನ್ನು ತಿನ್ನುತ್ತದೆ. 'ತಲುಪಿತು, ಗುರುವಾರ ಹೇಳುತ್ತೇನೆ' ಎಂಬ ಎರಡು ಮಾತು ಬರೆದರೆ ಆ ತುದಿಯವರು ಗುರುವಾರದವರೆಗೆ ನಿಶ್ಚಿಂತರಾಗಿ ಬೇರೆ ಕೆಲಸ ನೋಡಿಕೊಳ್ಳುತ್ತಾರೆ.

ಇದನ್ನೆಲ್ಲ ಓದಿ, ನನಗೆ ಬರೆಯುವಾಗಲೂ ವಿಷಯ, ಉಲ್ಲೇಖಗಳನ್ನು ಹಾಕಲು ತೊಡಗಬೇಡಿ. ಇಲ್ಲಿ ಹೇಳಿದ್ದೆಲ್ಲ ಕಚೇರಿಗೆ ಸಂಬಂಧಿಸಿದ್ದು. ನಮ್ಮ ತಂದೆಯವರಿಗೆ ಬರುತ್ತಿದ್ದ ಬಂಧುಗಳ ಇನ್‌ಲ್ಯಾಂಡ್ ಪತ್ರಗಳಲ್ಲಿ ಮಡಿಸುವ ಅಂಚಿನವರೆಗೂ ಅಕ್ಷರ; ಮಳೆ, ಬೆಳೆ, ಕರು ಹಾಕಿದ ಹಸು, ಯಾರದೋ ಮದುವೆಯ ಮಾತುಕತೆ. ಅವುಗಳಲ್ಲಿ ಒಂದು ಸಾಲು ಕಡಿಮೆಯಾಗಿದ್ದರೂ ನಮ್ಮಜ್ಜಿ "ಏನೋ ಮುಚ್ಚಿಟ್ಟಿದ್ದಾರೆ" ಎನ್ನುತ್ತಿದ್ದರು. ಈಗೀಗ ನೀವೂ ನೆಂಟರೂ 'ಫೋನ್ ಮಾಡಬಹುದೇ ಸಾರ್', 'ಬಿಡುವಾಗಿದ್ದೀರಾ ಮಾವ' ಎಂದು ಮೊದಲೇ ಸಂದೇಶ ಕಳುಹಿಸಿ ಅಪ್ಪಣೆ ಕೇಳುತ್ತೀರಿ. ಕೆಲವೊಮ್ಮೆ ನಾನು ಅದನ್ನು ಸಂಜೆ ನೋಡುತ್ತೇನೆ. ಅಷ್ಟರಲ್ಲಿ ನಿಮ್ಮ ಬಿಡುವೇ ಮುಗಿದಿರುತ್ತದೆ. ನನಗೆ ಗಂಟೆ ಹೊಡೆಯುವವರು ಯಾರೂ ಇಲ್ಲ. ಮಧ್ಯಾಹ್ನ ಎರಡರಿಂದ ಮೂರರವರೆಗೆ ಮಲಗಿರುತ್ತೇನೆ, ಉಳಿದ ಹೊತ್ತಿನಲ್ಲಿ ಯಾವಾಗ ಬೇಕಾದರೂ ನೇರವಾಗಿ ಫೋನ್ ಮಾಡಿ.